ಕಾಲು ಗಟ್ಟಿ ಇದೆ ಅಂತ ಕೊಯ್ಲು ಮುಗಿಯುವ ತನಕ ಕಾಯಬೇಡಿ

ತಂಗಿ, ನಿಮ್ಮ ಪೋಸ್ಟ್ ಓದಿ ಎದೆ ಧಸಕ್ ಅಂತು. 30 ವಾರಕ್ಕೆ ಹುಟ್ಟಿದ ಮಗು, ಈಗ ಐದೂವರೆ ತಿಂಗಳು. ಕಂಕುಳಿಗೆ ಕೈಕೊಟ್ಟು ಹಿಡಿದರೆ ತುದಿಗಾಲಲ್ಲಿ ಗಟ್ಟಿಯಾಗಿ ನಿಲ್ಲುತ್ತಾನೆ, ಅತ್ತೆಗೆ ಖುಷಿ. ತಲೆಯ ಸ್ಕ್ಯಾನ್ ನಾರ್ಮಲ್, ಅದಕ್ಕೇ ಫಾಲೋಅಪ್‌ಗೆ ಕಾಫಿ ಕೊಯ್ಲು ಮುಗಿಸಿ ಫೆಬ್ರವರಿ ಕೊನೆಗೆ ಹೋಗ್ತೀವಿ ಅಂತ ಬರೆದಿದ್ದೀರಿ. ಏಳು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ.

ಲೆಕ್ಕ ಹಾಕಿ. ಹತ್ತು ವಾರ ಮುಂಚೆ ಬಂದವನು, ಅದನ್ನು ಕಳೆದರೆ ಕರೆಕ್ಟೆಡ್ ವಯಸ್ಸು ಸುಮಾರು 14 ವಾರ. ಜನರಲ್ ಮೂವ್‌ಮೆಂಟ್ಸ್, ಅಂದರೆ ಮಗು ತಾನಾಗಿ ಕೈಕಾಲು ಆಡಿಸುವ ರೀತಿ ನೋಡಿ ಮೆದುಳು-ನರದ ಬೆಳವಣಿಗೆ ಅಳೆಯೋ ತಪಾಸಣೆ, ಅದಕ್ಕೆ ಇದೇ ಸರಿಯಾದ ಸಮಯ. ಕೈಕಾಲು, ಕತ್ತು ಸಣ್ಣಸಣ್ಣಗೆ ಎಲ್ಲ ದಿಕ್ಕಿಗೂ ಆಡುವ ಫಿಡ್ಜೆಟಿ ಚಲನೆ 12ರಿಂದ 16 ವಾರದಲ್ಲಿ ಚೆನ್ನಾಗಿ ಕಾಣುತ್ತದೆ. 20 ವಾರ ದಾಟಿದ ಮೇಲೆ ಅದು ಮರೆಯಾಗುತ್ತದೆ. ಫೆಬ್ರವರಿ ಕೊನೆಗೆ ಅವನಿಗೆ 26 ವಾರ!

ನಮ್ಮವನು ಹುಟ್ಟಿದ್ದು ಜೂನ್‌ನಲ್ಲಿ. ಮಡಿಕೇರಿ ಮಳೆ ಗೊತ್ತಲ್ಲ. ಸ್ವೆಟರ್, ಸಾಕ್ಸ್, ಕೈಗವಸು, ಮೇಲೆ ಎರಡು ಕಂಬಳಿ. ಅವನ ಕೈಕಾಲು ಆಡುವುದನ್ನು ನಾನು ಸರಿಯಾಗಿ ನೋಡಲೇ ಇಲ್ಲ. ನೋಡಿದ್ದು ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಅಜ್ಜಿ. "ಇವನ ತೊಡೆ ಅಗಲಿಸೋಕೇ ಬರ್ತಿಲ್ಲಮ್ಮ" ಅಂದರು, ಎರಡು ಸಲ. ಡೈಪರ್ ಹಾಕುವಾಗ ನನಗೂ ಕಷ್ಟವಾಗುತ್ತಿತ್ತು. ಸೈಜ್ ಸರಿಯಿಲ್ಲ ಅಂದುಕೊಂಡು ಬ್ರ್ಯಾಂಡ್ ಬದಲಾಯಿಸಿದೆ. ತೋರಿಸುವ ಹೊತ್ತಿಗೆ ವರ್ಷ ತುಂಬುತ್ತಿತ್ತು. ಎರಡೂ ತೊಡೆ ಅಗಲಿಸಿದಾಗ ಆ ವಯಸ್ಸಿಗೆ 130 ಡಿಗ್ರಿ ಇರಬೇಕಾದ ಕೋನ 80 ಇತ್ತು. ನಾವು ಬಲ ಅಂದುಕೊಂಡಿದ್ದು ಬಿಗಿತ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ತೊಂದರೆಯಿಂದ ಮೈಕೈ ಚಲನೆಗೆ ಬರುವ ಸಮಸ್ಯೆ. ಈಗ ಸ್ಪ್ಲಿಂಟ್ ಹಾಕಿಕೊಂಡು ಶಾಲೆಗೆ ನಡೆದೇ ಹೋಗುತ್ತಾನೆ. ಆದರೆ ಸುಮ್ನೆ ಕಳೆದ ಆ ತಿಂಗಳುಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ನಿಮ್ಮವನಿಗೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೆಲವು ಮಕ್ಕಳಲ್ಲಿ ಬಿಗಿತ ಬಂದು ವರ್ಷದೊಳಗೆ ತಾನೇ ಹೋಗುತ್ತದೆ. ಅದಕ್ಕೇ ಒಂದು ಸಲ ನೋಡಿದರೆ ಸಾಲದು, ಮತ್ತೆ ಮತ್ತೆ ನೋಡಿಸಬೇಕು. ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಮುಗಿಯಲಿಲ್ಲ.

ಇವತ್ತೇ ವಿಡಿಯೊ ಮಾಡಿ. ರೂಮು ಬೆಚ್ಚಗೆ ಮಾಡಿ, ಕೈಕಾಲು ಬರಿದಾಗಿರಲಿ, ಅಂಗಾತ ಮಲಗಿಸಿ. ಹಾಲು ಕುಡಿದು ಎಚ್ಚರವಾಗಿ ಸಮಾಧಾನದಲ್ಲಿರಬೇಕು. ನಿಪ್ಪಲ್, ಆಟಿಕೆ, ಮಾತಾಡಿಸುವುದು ಯಾವುದೂ ಬೇಡ. ಮುಖದಿಂದ ಪಾದದವರೆಗೆ ಕಾಣಲಿ, ಐದು ನಿಮಿಷ ಸಾಕು. ಅತ್ತರೆ ನಿಲ್ಲಿಸಿ, ಆಮೇಲೆ ತೆಗೀರಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಮಸುಕಾಗುತ್ತದೆ, ಗೂಗಲ್ ಡ್ರೈವ್‌ಗೆ ಹಾಕಿ. ನೋಡಬೇಕಾದವರು ಜನರಲ್ ಮೂವ್‌ಮೆಂಟ್ಸ್ ನೋಡುವುದರಲ್ಲಿ ತರಬೇತಿ ಪಡೆದವರು. ಇಲ್ಲಿ ಗುಂಪಿಗೆ ಹಾಕಿ "ಸರಿ ಇದ್ಯಾ" ಅಂತ ಕೇಳಬೇಡಿ.

ಜೊತೆಗೆ ಹ್ಯಾಮರ್‌ಸ್ಮಿತ್ ಪರೀಕ್ಷೆ ಮಾಡಿಸಿ, ಡಾಕ್ಟರು ಕೈಯಾರೆ ಮಗುವಿನ ನರ-ಸ್ನಾಯು ನೋಡಿ ಅಂಕ ಕೊಡುವ ಪರೀಕ್ಷೆ ಅದು. 26 ಅಂಶ, ಒಟ್ಟು 78 ಅಂಕ. ಅಂಕದ ಜೊತೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದೆಯಾ ಅಂತ ಕೇಳಿ. ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಬಗ್ಗೆ ವಿಚಾರಿಸಿ, ಅದು ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯಲ್ಲಿ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರ. ಖಾಸಗಿಯಲ್ಲಿ ದುಡ್ಡು ಸುರಿಯುವ ಮುಂಚೆ ಅದನ್ನು ನೋಡಿ. ಕೋನ ಅಳೆಯೋಕೆ ಮನೆಯಲ್ಲಿ ಕಾಲು ಎಳೆಯಲೇಬೇಡಿ.

ವಾಕರ್ ಆರ್ಡರ್ ಕ್ಯಾನ್ಸಲ್ ಮಾಡಿ. ಲವ್‌ಲ್ಯಾಪ್ ಕಂಪನಿಯದು ಒಳ್ಳೇದಾ ಇನ್ನೊಂದಾ ಅಂತ ಕೇಳಿದ್ದೀರಿ, ಯಾವುದೂ ಬೇಡ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದರು. ನಮ್ಮ ಕಡೆ ಮನೆಮುಂದೆ ಮೆಟ್ಟಿಲು ಬೇರೆ. ನಿಲ್ಲಿಸಿ ಆಡಿಸುವುದನ್ನೂ ಬಿಡಿ, ಅತ್ತೆಗೆ ಮೆಲ್ಲಗೆ ಹೇಳಿ. ಎಚ್ಚರವಿದ್ದಾಗ ಎದುರಿಗೆ ಕೂತು ಬೋರಲು ಮಲಗಿಸಿ. ಎಣ್ಣೆಗೆ ಪ್ಯಾರಾಶೂಟ್ ಸಾಕು, ದುಬಾರಿಯದ್ದರಿಂದ ಬಿಗಿತ ಬಿಡುವುದಿಲ್ಲ.

ಕಣ್ಣಿನ ವಿಷಯ ನೀವು ಬರೆದೇ ಇಲ್ಲ. ಇಷ್ಟು ಬೇಗ ಹುಟ್ಟಿದ ಮಗುವಿಗೆ ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಒಳಪರದೆಗೆ ಬರುವ ತೊಂದರೆ) ತಪಾಸಣೆ ಹುಟ್ಟಿದ 30 ದಿನದೊಳಗೆ ಆಗಬೇಕಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಹುಡುಕಿ. ಆಗಿಲ್ಲವಾದರೆ ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೊರಡಿ. ಕಿವಿಗೆ ಬೇರಾ ಪರೀಕ್ಷೆ, ಅಂದರೆ ಶಬ್ದ ಮೆದುಳಿಗೆ ಮುಟ್ಟುತ್ತಿದೆಯಾ ಅಂತ ನೋಡುವುದು, ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತದೆ. ಕೊಯ್ಲಿನ ಆಳುಗಳನ್ನು ಎರಡು ದಿನ ನಿಮ್ಮ ಮನೆಯವರು ನೋಡಿಕೊಳ್ಳಲಿ.