ವಿಡಿಯೊ ನೋಡಿ ವಿಂಗ್ ಚುನ್ ಕಲಿಯಬಹುದಾ?

ಪ್ರಶ್ನೆ: ನನಗೆ 23 ವರ್ಷ. ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಒಂಬತ್ತರ ಮೇಲೆ ನಿಟುವಳ್ಳಿಗೆ ಒಬ್ಬಳೇ ಹೋಗಬೇಕು. ಮೈಕಟ್ಟು ಸಣ್ಣದು. ವಿಂಗ್ ಚುನ್ ಅನ್ನುವ ಚೀನಾದ ಕಾದಾಟದ ಕಲೆಗೆ ಬಲ ಬೇಡ, ಅದು ಹೆಂಗಸರೇ ಹುಟ್ಟುಹಾಕಿದ ವಿದ್ಯೆ ಅಂತಾರೆ. ಇಲ್ಲಿ ವಿಚಾರಿಸಿದರೆ ಬರೀ ಕರಾಟೆ ಕ್ಲಾಸ್ ಸಿಗುತ್ತಿವೆ. ಮೊಬೈಲ್ ನೋಡಿ ಕಲಿತರೆ ಸಾಕಾ?

ಉತ್ತರ: ಸಾಲದು. ಮೊದಲ ಪಾಠವಾದ ‘ಸಿಯು ನಿಮ್ ತಾವೊ’ವನ್ನು ನಿಂತಲ್ಲೇ ನಿಂತು ಮಾಡುತ್ತಾರೆ. ಮೊಣಕೈ ಒಳಕ್ಕಿಟ್ಟು ಮೂಗು, ಎದೆ, ಹೊಕ್ಕುಳಿನ ನೇರ ಕಾಯುವುದು, ಎದುರಾಳಿಯ ಅದೇ ನೇರಕ್ಕೆ ಗುದ್ದುವುದು. ಇಷ್ಟನ್ನು ವಿಡಿಯೊ ನೋಡಿ ರೂಢಿಸಿಕೊಳ್ಳಬಹುದು. ಆದರೆ ಈ ವಿದ್ಯೆಯ ಜೀವ ಇರುವುದು ‘ಚಿ ಸಾವೊ’ದಲ್ಲಿ. ಇಬ್ಬರೂ ಮುಂಗೈಗೆ ಮುಂಗೈ ತಾಗಿಸಿ ನಿಲ್ಲುತ್ತಾರೆ. ಅವರು ಒತ್ತಿದರೆ ನೀವು ಪಕ್ಕಕ್ಕೆ ಸರಿಸುತ್ತೀರಿ, ಸಡಿಲ ಬಿಟ್ಟರೆ ಆ ಸಂದಿಯಲ್ಲೇ ನುಗ್ಗುತ್ತೀರಿ. ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗಬೇಕು. ಇದಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು. ಅಭ್ಯಾಸದ ಮರದ ಗೊಂಬೆ ಕೂಡ ತಿರುಗಿ ಒತ್ತುವುದಿಲ್ಲ, ಅಲ್ವಾ?

ಹೆಂಗಸರು ಹುಟ್ಟುಹಾಕಿದ್ದು ಅನ್ನುವುದು ಐತಿಹ್ಯ. ಊಂಗ್ ಮುಯಿ ಎಂಬ ಸನ್ಯಾಸಿನಿ ಯಿಮ್ ವಿಂಗ್ ಚುನ್ ಎಂಬ ಹುಡುಗಿಗೆ ಕಲಿಸಿದಳಂತೆ. ಗಟ್ಟಿಯಾಗಿ ಹೇಳಬಹುದಾದದ್ದು ಚೀನಾದ ಫೋಶಾನ್ ಊರಿನ ಗುರು ಇಪ್ ಮ್ಯಾನ್ (1893–1972) ಕಾಲದ್ದು. ಅವರು ಹಾಂಗ್‌ಕಾಂಗಿಗೆ ಬಂದು ಕಲಿಸಿದರು. ಸಿನಿಮಾ ನಟ ಬ್ರೂಸ್ ಲೀ ಕೂಡ ಇಪ್ ಮ್ಯಾನ್ ಹತ್ತಿರವೇ ಕಲಿತದ್ದು.

ಬಲ ಬೇಡ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಕಮ್ಮಿ ಬಲದಲ್ಲಿ ಜಾಸ್ತಿ ಕೆಲಸ ಮಾಡಿಸುತ್ತದೆ, ಅಷ್ಟೇ. ನೆಲಕ್ಕೆ ಬಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಇದರಲ್ಲಿ ಉತ್ತರ ಕಮ್ಮಿ. ಆ ವಿಷಯದಲ್ಲಿ ನಿಮ್ಮೂರಿನ ಗರಡಿಯ ಕುಸ್ತಿಯೇ ವಾಸಿ.

ಹಾಗಾಗಿ ಕರಾಟೆ ಅಂತ ಮೂಗು ಮುರಿಯಬೇಡಿ. ಒಂದು ಸಂಜೆ ಹೋಗಿ ಸುಮ್ನೆ ಕೂತು ನೋಡಿ. ಎಲ್ಲರೂ ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರೆ ಎದ್ದು ಬನ್ನಿ. ಜೊತೆಗಾರರು ನಿಜವಾಗಿ ಕೈ ಹಿಡಿದೆಳೆದು ಬಿಡಿಸಿಕೊಳ್ಳಲು ಹೇಳುತ್ತಿದ್ದರೆ ಸೇರಿಕೊಳ್ಳಿ.

ಕಾನೂನಿನ ಮಾತೂ ಒಂದಿದೆ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಕೊಡುತ್ತವೆ. ಆದರೆ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಹೊಡೆಯಬೇಕು. ಓಡಿಹೋಗುವವನನ್ನು ಅಟ್ಟಿಸಿಕೊಂಡು ಹೊಡೆದರೆ ಅದು ರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ.

ಇನ್ನೊಂದು, ವಿಂಗ್ ಚುನ್ ಕೆಲಸಕ್ಕೆ ಬರುವುದು ತೋಳಳತೆಯಲ್ಲಿ. ಯಾರೋ ಅಷ್ಟು ಹತ್ತಿರ ಬರುವ ಮುಂಚೆಯೇ ಕೂಗಿ, ತೆರೆದಿರುವ ಅಂಗಡಿಗೆ ನುಗ್ಗಿ, 112ಕ್ಕೆ ಫೋನ್ ಮಾಡಿ. ಅಂಗಡಿಯ ಗೆಳತಿಯರಲ್ಲಿ ಒಬ್ಬರನ್ನು ಕ್ಲಾಸಿಗೆ ಎಳೆದುಕೊಂಡು ಹೋದರೆ ಅಭ್ಯಾಸಕ್ಕೆ ಎದುರುಕೈಯೂ ಸಿಗುತ್ತದೆ, ರಾತ್ರಿ ದಾರಿಗೆ ಜೊತೆಯೂ ಆಗುತ್ತದೆ.