ಜಾಯಿಕಾಯಿಯ ದ್ವೀಪಕ್ಕೆ ಸಣ್ಣ ಹಡಗಿನಲ್ಲಿ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ಬರೆದ ಪತ್ರದ ಸಾರ: “ಕಳೆದ ಸಂಚಿಕೆಯಲ್ಲಿ ಇಂಡೊನೇಷ್ಯಾದ ಬಂಡಾ ದ್ವೀಪಗಳಿಗೆ ಹೋಗುವ ಸಣ್ಣ ಹಡಗಿನ ಪ್ರವಾಸದ ಲೇಖನ ಓದಿದೆ. ಈಜುಕೊಳವಿಲ್ಲ, ಟೀವಿ ಇಲ್ಲ, ಆದರೂ ದೊಡ್ಡ ಕ್ರೂಸಿಗಿಂತ ಹಲವು ಪಟ್ಟು ದುಡ್ಡು. ‘ಸಂಸ್ಕೃತಿಯ ಕಲಿಕೆ’ ಎಂದು ಹೆಸರಿಟ್ಟರೆ ಆಯಿತೇ? ಇದು ಸಿರಿವಂತರ ಶೋಕಿಯಲ್ಲವೇ? ನಮ್ಮ ತೋಟದಲ್ಲೂ ಜಾಯಿಕಾಯಿ ಇದೆ, ಅದನ್ನು ನೋಡಲು ಸಮುದ್ರ ದಾಟಬೇಕೇ? ಹೋಗುವುದೇ ಆದರೆ ಏನು ವಿಚಾರಿಸಬೇಕು? ನಾನೂ ನನ್ನ ಹೆಂಡತಿಯೂ ಅರವತ್ತು ದಾಟಿದವರು, ಸಸ್ಯಾಹಾರಿಗಳು.”

ಸಂಪಾದಕರ ಉತ್ತರ:

ನಮಸ್ಕಾರ. ಜಾಯಿಕಾಯಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬಂಡಾ ನೋಡಲು ನಿಮಗಿಂತ ಯೋಗ್ಯರು ಬೇರೆ ಯಾರಿದ್ದಾರೆ? ನಿಮ್ಮ ತೋಟದ ಜಾಯಿಕಾಯಿ ಮರದ ತವರು ಅದು. ನಮ್ಮ ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆದದ್ದು ಅದರ ದಾಯಾದಿ ರಾಮಪತ್ರೆ. ಜಾಯಿಕಾಯಿ ಮಾತ್ರ ದೂರದಿಂದ ಬಂದದ್ದು. 18ನೆಯ ಶತಮಾನದ ಕೊನೆಯವರೆಗೂ ಲೋಕದ ಸಂತೆಗೆ ಬರುತ್ತಿದ್ದ ಜಾಯಿಕಾಯಿ, ಜಾಪತ್ರೆ ಹೆಚ್ಚುಕಡಿಮೆ ಪೂರ್ತಿ ಈ ಪುಟ್ಟ ದ್ವೀಪಗಳದ್ದೇ. 1770ರ ಸುಮಾರಿಗೆ ಫ್ರೆಂಚರ ಪಿಯೆರ್ ಪೊಯಿವ್ರ್ ಗುಟ್ಟಾಗಿ ಸಸಿಗಳನ್ನು ಮಾರಿಷಸ್‌ಗೆ ತರಿಸಿದ. 1796ರಲ್ಲಿ ಬ್ರಿಟಿಷರು ಬಂಡಾ ಹಿಡಿದ ಮೇಲೆ ಅವು ಪೆನಾಂಗ್, ಶ್ರೀಲಂಕಾ, ದಕ್ಷಿಣ ಭಾರತದ ದಾರಿ ಹಿಡಿದವು.

ಅದಕ್ಕೂ ಮುಂಚಿನ ಕಥೆ ಘೋರವಾದದ್ದು. ಬೆಳೆಯ ಮೇಲೆ ಏಕಸ್ವಾಮ್ಯ ಬೇಕೆಂದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್‌ಸೋನ್ ಕೂನ್ 1621ರಲ್ಲಿ ಬಂಡಾದ ಮೇಲೆ ದಂಡೆತ್ತಿ ಬಂದ. ಊರಿನ 44 ಮುಖಂಡರನ್ನು ಕೋಟೆಯ ಬಳಿ ಕೊಲ್ಲಿಸಿದ. ಸುಮಾರು 15,000 ಜನರಿದ್ದ ಜಾಗದಲ್ಲಿ ಉಳಿದವರು ಸಾವಿರದ ಆಸುಪಾಸು. ಮಿಕ್ಕವರು ಸತ್ತರು, ಹಸಿದರು, ಓಡಿಹೋದರು, ಗುಲಾಮರಾದರು. ಆಮೇಲೆ ತೋಟಗಳನ್ನು 68 ಹಿಸ್ಸೆ ಮಾಡಿ ಡಚ್ಚರಿಗೆ ಹಂಚಿ, ಬೇರೆಡೆಯಿಂದ ಗುಲಾಮರನ್ನು ತಂದು ದುಡಿಸಿದರು. ಬೇರೆಲ್ಲೂ ಮೊಳೆಯಬಾರದೆಂದು ಕಾಯಿಯನ್ನು ಸುಣ್ಣದ ನೀರಿನಲ್ಲಿ ಅದ್ದಿ ಮಾರುತ್ತಿದ್ದರು. ರುನ್ ಎಂಬ, ಮೂರು ಕಿಲೋಮೀಟರ್ ಉದ್ದದ ದ್ವೀಪದ ಹಕ್ಕನ್ನು ಇಂಗ್ಲಿಷರು 1667ರ ಬ್ರೆಡಾ ಒಪ್ಪಂದದಲ್ಲಿ ಬಿಟ್ಟುಕೊಟ್ಟರು; ಅದೇ ಒಪ್ಪಂದದಲ್ಲಿ ಈಗಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಇಂಗ್ಲಿಷರ ಕೈಯಲ್ಲೇ ಉಳಿಯಿತು.

ಇದೆಲ್ಲ ಮನೆಯಲ್ಲೇ ಕೂತು ಓದಬಹುದು, ನಿಜ. ಆದರೆ ರುನ್‌ನ ಏರು ಹತ್ತಿ, ಎತ್ತರದ ಕೆನಾರಿ ಮರಗಳ ನೆರಳಲ್ಲಿ ಇವತ್ತೂ ಜಾಯಿಕಾಯಿ ಕೊಯ್ಯುವವರ ಜೊತೆ ಅರ್ಧ ದಿನ ಕಳೆಯುವುದು ಬೇರೆ. ಕೆನಾರಿ ನಮ್ಮ ಕಾಳಧೂಪದ ಕುಲಕ್ಕೇ ಸೇರಿದ ಮರ. ಉದ್ದನೆಯ ಬಿದಿರು ಕೋಲಿನ ತುದಿಗೆ ಸಣ್ಣ ಬುಟ್ಟಿ ಕಟ್ಟಿ ಅವರು ಕಾಯಿ ಇಳಿಸುತ್ತಾರೆ. ಕೆಂಪು ಪತ್ರೆಯನ್ನು ಬಿಡಿಸಿ ಬಿಸಿಲಿಗೆ ಹಾಕಿ, ಬೀಜವನ್ನು ಅಟ್ಟದ ಮೇಲೆ ನಿಧಾನವಾಗಿ ಹೊಗೆಯಲ್ಲಿ ಒಣಗಿಸುತ್ತಾರೆ. ಮಳೆಗಾಲದಲ್ಲಿ ಜಾಪತ್ರೆಗೆ ಬೂಸ್ಟು ಹಿಡಿಯದಂತೆ ನೋಡಿಕೊಳ್ಳುವ ಕಷ್ಟ ನಿಮಗೆ ಗೊತ್ತು. ಆ ಅಟ್ಟದ ಕೆಳಗೆ ನಿಂತು ನೀವು ಕೇಳುವ ಪ್ರಶ್ನೆ ಬೇರೆ ಯಾವ ಪ್ರವಾಸಿಗೂ ಹೊಳೆಯುವುದಿಲ್ಲ. ನಾನು ಕಲಿಕೆ ಎನ್ನುವುದು ಇದಕ್ಕೆ, ಹಡಗಿನ ಮೇಲೆ ಪರದೆ ಬಿಟ್ಟು ತೋರಿಸುವ ಚಿತ್ರಗಳಿಗಲ್ಲ.

ಹಡಗು ಸಣ್ಣದಿರಬೇಕು ಎನ್ನುವುದೂ ಇದೇ ಕಾರಣಕ್ಕೆ. ದೊಡ್ಡ ಕ್ರೂಸ್ ಹಡಗಿನಲ್ಲಿ ಐದು ಸಾವಿರಕ್ಕೂ ಮೀರಿ ಜನ ಹಿಡಿಯುತ್ತಾರೆ. ಅಷ್ಟು ಜನ ಒಮ್ಮೆಗೆ ಇಳಿದರೆ ಬಂಡಾ ನೈರಾದಂಥ ಊರು ಊರಾಗಿ ಉಳಿಯುವುದಿಲ್ಲ. ಹದಿನೈದು ಇಪ್ಪತ್ತು ಜನರಾದರೆ ಒಂದು ಮನೆಯ ಜಗುಲಿಯಲ್ಲಿ ಕೂರಬಹುದು, ಮಾತು ನಡೆಯುತ್ತದೆ. ಪ್ರವಾಸಿಗಳನ್ನು ಅಂಟಾರ್ಕ್ಟಿಕಕ್ಕೆ 1966ರಲ್ಲಿ ಕರೆದೊಯ್ದು ಈ ಬಗೆಯ ಯಾನಕ್ಕೆ ದಾರಿ ಮಾಡಿದ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ನೆಚ್ಚಿಕೊಂಡದ್ದೂ ಇದನ್ನೇ: ಸಣ್ಣ ಹಡಗು, ಬಲ್ಲವರ ಜೊತೆ. ಅಲ್ಲಿ ಇವತ್ತಿಗೂ ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ಇಳಿಯುವಂತಿಲ್ಲ.

ಬಂಡಾ ಕಡೆ ಹೋಗುವ ಸಣ್ಣ ಹಡಗುಗಳಲ್ಲಿ ಬಹಳಷ್ಟು ಪಿನಿಸಿಗಳು, ಅಂದರೆ ಇಂಡೊನೇಷ್ಯಾದ ಸಾಂಪ್ರದಾಯಿಕ ಮರದ ಹಾಯಿಹಡಗುಗಳು. ದಕ್ಷಿಣ ಸುಲಾವೆಸಿಯ ತಾನಾ ಬೆರು ಕಡಲ ದಂಡೆಯಲ್ಲಿ ಇವನ್ನು ಕಟ್ಟುವವರು ಮೊದಲು ಹೊರಮೈಯ ಹಲಗೆ ಜೋಡಿಸಿ, ಒಳಗಿನ ಪಕ್ಕೆಗಳನ್ನು ಆಮೇಲೆ ಕೂರಿಸುತ್ತಾರೆ. ನಕ್ಷೆ ಅವರ ತಲೆಯಲ್ಲೇ ಇರುತ್ತದೆ. ಯುನೆಸ್ಕೊ 2017ರಲ್ಲಿ ಈ ಕಸುಬನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಈಗ ಓಡುವುದು ಬಹುತೇಕ ಇಂಜಿನ್ನಿನಿಂದಲೇ, ಹಾಯಿ ಬಿಚ್ಚುವುದು ಅಪರೂಪ. ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಸಣ್ಣ ಹಡಗು ಸುಡುವ ಡೀಸೆಲ್ ಕಡಿಮೆಯೇನಲ್ಲ. ಕಂಪನಿಗಳ ಜಾಹೀರಾತಿನಲ್ಲಿ ಇದು ಇರುವುದಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ಇನ್ನು ದುಡ್ಡು. ಒಬ್ಬರಿಗೆ ಹಲವು ಲಕ್ಷ ಆಗುತ್ತದೆ, ಅದು ಸಿರಿವಂತಿಕೆ ಅಲ್ಲ ಎಂದು ವಾದಿಸಲಾರೆ. ಅದು ಯಾವುದಕ್ಕೆ ಹೋಗುತ್ತದೆ ಎಂದು ಮಾತ್ರ ನೋಡಿ. ಪ್ರಯಾಣಿಕರಷ್ಟೇ ಸಿಬ್ಬಂದಿ ಇರುವುದು ಇಲ್ಲಿ ಸಾಮಾನ್ಯ. ಕೋಣೆ ಸಣ್ಣದು, ಹಾಸಿಗೆ ಶುಭ್ರ, ಬಚ್ಚಲು ಕೋಣೆಗೇ ಹೊಂದಿಕೊಂಡದ್ದು. ಊಟ ಎಲ್ಲರಿಗೂ ಒಂದೇ ಮೇಜಿನಲ್ಲಿ. ರಾತ್ರಿ ಧ್ವನಿವರ್ಧಕವಿಲ್ಲ, ಅಂಗಡಿಯಿಲ್ಲ, ಕುಣಿತವಿಲ್ಲ. ಮಗಳ ಮದುವೆಯಲ್ಲಿ ಅಡುಗೆಭಟ್ಟರಿಗೆ ಖರ್ಚು ಮಾಡಿ ಮಂಟಪದ ಅಲಂಕಾರಕ್ಕೆ ಕೈ ಬಿಗಿಹಿಡಿಯುವ ಯಜಮಾನನ ಲೆಕ್ಕ ಇದು. ನನಗೆ ಇಷ್ಟವಾಗುವ ಲೆಕ್ಕವೂ ಇದೇ.

ವಿಚಾರಿಸಬೇಕಾದದ್ದು ಹೇಳುತ್ತೇನೆ. ದಡದಲ್ಲಿ ನಿಮ್ಮನ್ನು ಕರೆದೊಯ್ಯುವವರು ಯಾರು? ಬಂಡಾದವರೇ ಆಗಿದ್ದರೆ ಒಳ್ಳೆಯದು. ಊರಿನ ತೋಟ, ಮನೆ, ದೋಣಿಯವರಿಗೆ ಹಡಗಿನವರು ನೇರವಾಗಿ ದುಡ್ಡು ಕೊಡುತ್ತಾರೆಯೇ? ಬಂಡಾದಲ್ಲಿ ಪೂರ್ತಿ ಎಷ್ಟು ದಿನ ಲಂಗರು? ಒಂದೇ ದಿನ ಎಂದರೆ ಆ ಪ್ರವಾಸ ಬೇಡ. 1621ರ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿ ನೋಡಿ; ಅಲ್ಲಿನ ಡಚ್ಚರ ಬೆಲ್ಜಿಕಾ ಕೋಟೆಯ ನೋಟವನ್ನು ಹೊಗಳಿ ಮಾತು ತೇಲಿಸಿದರೆ ಅವರ ‘ಕಲಿಕೆ’ ಬರೀ ಅಲಂಕಾರ ಎಂದು ತಿಳಿಯಿರಿ. ಸ್ವಾತಂತ್ರ್ಯ ಹೋರಾಟಗಾರರಾದ ಹಟ್ಟಾ ಮತ್ತು ಶಹರಿರ್ ಅವರ ಮನೆಗೆ ಹೋಗುತ್ತಾರೆಯೇ ಎಂದೂ ಕೇಳಿ. ಡಚ್ ಸರ್ಕಾರ ಈ ಇಬ್ಬರನ್ನು 1936ರಲ್ಲಿ ಇಲ್ಲಿಗೆ ಗಡೀಪಾರು ಮಾಡಿತ್ತು. ಆರು ವರ್ಷ ಇದ್ದು ಊರಿನ ಮಕ್ಕಳಿಗೆ ಪಾಠ ಹೇಳಿದರು. ಸ್ವತಂತ್ರ ಇಂಡೊನೇಷ್ಯಾದಲ್ಲಿ ಒಬ್ಬರು ಮೊದಲ ಉಪರಾಷ್ಟ್ರಪತಿ, ಇನ್ನೊಬ್ಬರು ಮೊದಲ ಪ್ರಧಾನಿ. ಬಂಡಾದ ಎರಡು ದ್ವೀಪಗಳು ಇಂದು ಅವರ ಹೆಸರಿನಲ್ಲೇ ಇವೆ.

ದುಡ್ಡು ಹೊಂದದಿದ್ದರೆ ಬೇಸರ ಬೇಡ. ಆ ಕಡೆಯ ದೊಡ್ಡ ಊರಾದ ಅಂಬೊನ್‌ನಿಂದ ಪೆಲ್ನಿ ಎಂಬ ಸರ್ಕಾರಿ ಕಂಪನಿಯ ಹಡಗು ಬಂಡಾ ನೈರಾಕ್ಕೆ ಬರುತ್ತದೆ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ವೇಗದ ದೋಣಿಯೂ ಉಂಟು. ಊರಲ್ಲೇ ಅತಿಥಿಗೃಹಗಳಿವೆ. ಒಂದು ವಾರ ತಂಗಿ, ಸ್ಥಳೀಯ ದೋಣಿ ಹಿಡಿದು ಆಯ್, ರುನ್ ದ್ವೀಪಗಳನ್ನು ನೋಡಿ ಬನ್ನಿ. ವೇಳಾಪಟ್ಟಿ ನೆಚ್ಚುವಂತಿಲ್ಲ, ಸೌಕರ್ಯ ಕಡಿಮೆ. ಊರಿನ ಒಡನಾಟ ಮಾತ್ರ ಹಡಗಿನವರಿಗಿಂತ ನಿಮಗೇ ಹೆಚ್ಚು ಸಿಗುತ್ತದೆ.

ಅರವತ್ತು ದಾಟಿದ್ದಕ್ಕೆ ಅಡ್ಡಿಯಿಲ್ಲ. ಹಡಗಿನಿಂದ ರಬ್ಬರ್ ದೋಣಿಗೆ ಇಳಿಯುವಾಗ ಮಂಡಿ ಗಟ್ಟಿ ಇರಬೇಕು, ರುನ್‌ನಲ್ಲಿ ಮೆಟ್ಟಿಲು ಹತ್ತಬೇಕು. ದೊಡ್ಡ ಆಸ್ಪತ್ರೆ ಅಂಬೊನ್‌ವರೆಗೆ ಇಲ್ಲ, ಹಾಗಾಗಿ ವೈದ್ಯರ ಸಲಹೆ, ಸಾಗಿಸುವ ಖರ್ಚನ್ನೂ ಭರಿಸುವ ವಿಮೆ, ಎರಡೂ ಆಗಲಿ. ಅಕ್ಟೋಬರ್-ನವೆಂಬರ್, ಇಲ್ಲವೇ ಮಾರ್ಚ್-ಏಪ್ರಿಲ್ ಆರಿಸಿಕೊಳ್ಳಿ. ಊಟಕ್ಕೆ ಸೋಯಾದಿಂದ ಮಾಡಿದ ತೊಫು, ತೆಂಪೆ, ಜೊತೆಗೆ ಸೊಪ್ಪು, ಅನ್ನ ಧಾರಾಳ. ಆದರೆ ಅವರ ಸಂಬಾಲ್ ಚಟ್ನಿಯಲ್ಲಿ ಒಣ ಸಿಗಡಿಯ ‘ತೆರಾಸಿ’ ಹಾಕುತ್ತಾರೆ. ಅದು ಬೇಡವೆಂದು ಬುಕಿಂಗ್ ಹೊತ್ತಿಗೇ ಬರೆದು ಕೊಡಿ, ಹಡಗು ಹತ್ತಿದ ದಿನ ಅಡುಗೆಯವರಿಗೂ ಹೇಳಿ. ಕೆನಾರಿ ಬೀಜ ಅರೆದ ಮಸಾಲೆಯಲ್ಲಿ ಬದನೆಕಾಯಿ ಮಾಡುವುದು ಬಂಡಾದವರ ವಿಶೇಷ, ತೆರಾಸಿ ಬಿಟ್ಟು ಮಾಡಿಕೊಡಿ ಎಂದು ಕೇಳಿ ಮಾಡಿಸಿಕೊಳ್ಳಿ. ಹೋಗಿ ಬಂದರೆ ಅವರು ಬೀಜ ಒಣಗಿಸುವ ಕ್ರಮದ ಬಗ್ಗೆ ನಮಗೊಂದು ಲೇಖನ ಬರೆದುಕೊಡಿ, ಪ್ರಕಟಿಸುತ್ತೇವೆ.