ಪೈಥಾನ್‌ನಲ್ಲಿ 'ಇನ್‌ಕರೆಕ್ಟ್ ಹೆಡರ್ ಚೆಕ್', ಜೊತೆಗೆ ಕಂಪ್ರೆಸ್ ಮಾಡಿದರೂ ಇಳಿಯದ ಗಾತ್ರ

ನಿಮ್ಮ ಪ್ರಶ್ನೆ ಓದಿದೆ. ಬೇರೆ ಪ್ರೋಗ್ರಾಂ ಬರೆದ ಜಿಝೆಡ್ ಫೈಲನ್ನು ಪೈಥಾನ್‌ನ ಕಂಪ್ರೆಶನ್ ಮಾಡ್ಯೂಲ್ ಝೆಡ್‌ಲಿಬ್‌ನ ಡಿಕಂಪ್ರೆಸ್‌ಗೆ ಕೊಟ್ಟರೆ 'ಎರರ್ -3, ಇನ್‌ಕರೆಕ್ಟ್ ಹೆಡರ್ ಚೆಕ್' ಬರುತ್ತಿದೆ. ಇನ್ನೊಂದು ಕಡೆ, ಸೆನ್ಸರ್‌ನ ಒಂದೊಂದು ಜೇಸನ್ ರೆಕಾರ್ಡನ್ನೂ ಕಂಪ್ರೆಸ್ ಮಾಡಿ ಡೇಟಾಬೇಸ್‌ಗೆ ಹಾಕಿದರೆ ಗಾತ್ರ ಇಳಿಯುವ ಬದಲು ಏರಿದೆ. ಇದನ್ನೆಲ್ಲ ಬಿಟ್ಟು ಎಲ್‌ಝೆಡ್‌ಎಂಎ ಅನ್ನುವ ಬೇರೆ ಕಂಪ್ರೆಶನ್ ಅಲ್ಗಾರಿದಮ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ತಪ್ಪು ಅಲ್ಗಾರಿದಮ್‌ನದ್ದಲ್ಲ. ಒಂದು ಕಡೆ ಹೊದಿಕೆ ಬೇರೆ ಇದೆ, ಇನ್ನೊಂದು ಕಡೆ ತುಂಡು ತೀರಾ ಚಿಕ್ಕದಾಗಿದೆ.

ಮೊದಲು ಎರರ್ ನೋಡೋಣ. ಝೆಡ್‌ಲಿಬ್ ಆಗಲಿ ಜಿಜಿಪ್ ಆಗಲಿ, ಒಳಗಿರುವುದು ಒಂದೇ ಕಂಪ್ರೆಶನ್ ವಿಧಾನ: ಡಿಫ್ಲೇಟ್. ಫಿಲ್ ಕಾಟ್ಜ್ ತಮ್ಮ ಪಿಕೆಜಿಪ್ ಪ್ರೋಗ್ರಾಂಗಾಗಿ ರೂಪಿಸಿದ್ದು ಇದು. 1996ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) 1951 ಆಗಿ ಬಂತು. ಝೆಡ್‌ಲಿಬ್ ಹೊದಿಕೆಯ ವಿವರ 1950ರಲ್ಲಿ, ಜಿಜಿಪ್‌ನದ್ದು 1952ರಲ್ಲಿ ಇದೆ (ಇವು ಇಸವಿಗಳಲ್ಲ, ಆರ್‌ಎಫ್‌ಸಿ ನಂಬರ್‌ಗಳು). ಸರಕು ಒಂದೇ, ಚೀಲ ಬೇರೆ. ಝೆಡ್‌ಲಿಬ್ ಆದರೆ ಮುಂದೆ 2 ಬೈಟ್ ಹೆಡರ್, ಕೊನೆಗೆ 4 ಬೈಟ್ ಆಡ್ಲರ್-32 ಚೆಕ್‌ಸಮ್ (ಡೇಟಾ ಕೆಟ್ಟಿಲ್ಲ ಅಂತ ನೋಡುವ ಸಂಖ್ಯೆ). ಜಿಜಿಪ್ ಆದರೆ ಮುಂದೆ ಕಡಿಮೆ ಅಂದರೂ 10 ಬೈಟ್, ಕೊನೆಗೆ 8 ಬೈಟ್. ಹೊದಿಕೆಯೇ ಇಲ್ಲದ ಬರೀ ಡಿಫ್ಲೇಟ್ ಕೂಡ ಸಿಗುತ್ತದೆ, ಜಿಪ್ ಫೈಲ್‌ನ ಒಳಗೆ ಸಾಮಾನ್ಯವಾಗಿ ಇರುವುದು ಅದೇ.

ನಿಮ್ಮ ಹತ್ತಿರ ಇರುವುದು ಯಾವುದು ಅಂತ ಊಹಿಸಬೇಡಿ, ಫೈಲ್ ಎಕ್ಸ್‌ಟೆನ್ಶನ್ ನಂಬಲೂ ಬೇಡಿ. 'ಆರ್‌ಬಿ' ಮೋಡ್‌ನಲ್ಲಿ ತೆರೆದು ಮೊದಲ 4 ಬೈಟ್ ಓದಿ, ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. 1ಎಫ್ 8ಬಿ ಕಂಡರೆ ಜಿಜಿಪ್. 78ರಿಂದ ಶುರುವಾಗಿ ಆಮೇಲೆ 9ಸಿ, 01 ಅಥವಾ ಡಿಎ ಇದ್ದರೆ ಝೆಡ್‌ಲಿಬ್. ಹೆಕ್ಸ್ ಮಾಡದೆ ಸುಮ್ನೆ ಪ್ರಿಂಟ್ ಮಾಡಿದರೆ ಮೊದಲಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಕಾಣುತ್ತದೆ. ಗಾಬರಿ ಬೇಡ, 78 ಅಂದರೆ ಆಸ್ಕಿಯಲ್ಲಿ ಅದೇ. 50 4ಬಿ ಇದ್ದರೆ ಅದು ಜಿಪ್ ಆರ್ಕೈವ್, ಅದಕ್ಕೆ ಜಿಪ್‌ಫೈಲ್ ಮಾಡ್ಯೂಲೇ ಬೇಕು. ಆ ಎರಡು ಬೈಟ್ ಪಿ ಮತ್ತು ಕೆ, ಅದೇ ಕಾಟ್ಜ್ ಅವರ ಇನಿಶಿಯಲ್ಸ್.

ಮೊದಲ ಬೈಟ್ 7ಬಿ ಇದ್ದರೆ? ಅದು ಜೇಸನ್‌ನ ಹೂವಿನ ಬ್ರಾಕೆಟ್. ಅಂದರೆ ಡೌನ್‌ಲೋಡ್ ಮಾಡಿಕೊಟ್ಟ ಲೈಬ್ರರಿ ಆಗಲೇ ಬಿಚ್ಚಿ ಕೊಟ್ಟಿದೆ, ನೀವು ಬಿಚ್ಚಿದ್ದನ್ನೇ ಮತ್ತೆ ಬಿಚ್ಚಲು ಹೋಗುತ್ತಿದ್ದೀರಿ. ವೆಬ್‌ನಿಂದ ಡೇಟಾ ತರುವವರಿಗೆ ಈ ಎರರ್ ಬರುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ನಿಮ್ಮದು ಜಿಜಿಪ್ಪೇ ಇರಬೇಕು. ಅದಕ್ಕೆ ಎರಡು ದಾರಿ. ಜಿಜಿಪ್ ಮಾಡ್ಯೂಲ್‌ನ ಡಿಕಂಪ್ರೆಸ್ ಬಳಸಿ, ಮುಗಿಯಿತು. ಇಲ್ಲ, ಝೆಡ್‌ಲಿಬ್‌ನಲ್ಲೇ ಇರಬೇಕು ಅಂದರೆ ಡಬ್ಲ್ಯುಬಿಟ್ಸ್ ಆರ್ಗ್ಯುಮೆಂಟ್‌ಗೆ 31 ಕೊಡಿ. ಏನೂ ಕೊಡದಿದ್ದರೆ ಅದು 15, ಅಂದರೆ ಝೆಡ್‌ಲಿಬ್ ಹೊದಿಕೆ ಮಾತ್ರ. -15 ಅಂದರೆ ಹೊದಿಕೆ ಇಲ್ಲದ್ದು. 47 ಕೊಟ್ಟರೆ ಝೆಡ್‌ಲಿಬ್ಬೋ ಜಿಜಿಪ್ಪೋ ಅಂತ ತಾನೇ ನೋಡಿಕೊಳ್ಳುತ್ತದೆ. ಎರಡೂ ಬಗೆಯ ಫೈಲ್ ಬರುವ ಕಡೆ ನಾನು 47 ಹಾಕಿ ಸುಮ್ಮನಾಗುತ್ತೇನೆ.

ಇದರ ಜೊತೆಗೆ ಇನ್ನೊಂದು ಎರರ್ ಗೊತ್ತಿರಲಿ. -5, 'ಇನ್‌ಕಂಪ್ಲೀಟ್ ಆರ್ ಟ್ರಂಕೇಟೆಡ್ ಸ್ಟ್ರೀಮ್' ಬಂದರೆ ಹೆಡರ್ ಸರಿ ಇದೆ, ಬಾಲ ಇಲ್ಲ. ಝೆಡ್‌ಲಿಬ್‌ನ ಕಂಪ್ರೆಸ್‌ಆಬ್ಜ್ ಬಳಸಿ ತುಂಡುತುಂಡಾಗಿ ಬರೆದವರು ಕೊನೆಗೆ ಫ್ಲಶ್ ಕರೆಯದಿದ್ದರೆ ಹೀಗಾಗುತ್ತದೆ. ಒಳಗಿನ ಬಫರ್‌ನಲ್ಲಿ ಉಳಿದ ಬೈಟ್‌ಗಳು ಫೈಲ್‌ಗೆ ಬಂದೇ ಇರುವುದಿಲ್ಲ.

ಇನ್ನು ಗಾತ್ರ ಏರಿದ ವಿಷಯ. ಡಿಫ್ಲೇಟ್ ಮಾಡುವ ಮುಖ್ಯ ಕೆಲಸ ಹಿಂದೆ ತಿರುಗಿ ನೋಡುವುದು. 'ಈ ಬೈಟ್‌ಗಳು ಆಗಲೇ ಬಂದಿವೆ, ಇಷ್ಟು ಹಿಂದೆ ಹೋಗಿ ಇಷ್ಟು ತಗೋ' ಅಂತ ಬರೆದಿಡುತ್ತದೆ. ಹಿಂದೆ ನೋಡುವ ದೂರ 32 ಕೆಬಿ, ಒಂದು ಸಲಕ್ಕೆ ಹಿಡಿಯುವ ಹೊಂದಿಕೆ 3ರಿಂದ 258 ಬೈಟ್. ಆಮೇಲೆ ಉಳಿದದ್ದಕ್ಕೆ ಹಫ್‌ಮನ್ ಕೋಡ್: ಹೆಚ್ಚು ಸಲ ಬರುವುದಕ್ಕೆ ಕಡಿಮೆ ಬಿಟ್. ಈಗ ನಿಮ್ಮ ರೆಕಾರ್ಡ್ 60 ಬೈಟ್ ಇದ್ದರೆ ಹಿಂದೆ ನೋಡಲು ಅಲ್ಲಿ ಏನಿದೆ? ಸಮಯ, ತಾಪಮಾನ, ತೇವಾಂಶ ಅನ್ನುವ ಕೀ ಹೆಸರುಗಳು ಒಂದು ರೆಕಾರ್ಡ್‌ನಲ್ಲಿ ಒಂದೊಂದೇ ಸಲ ಬರುತ್ತವೆ. ಅವು ಮರುಕಳಿಸುವುದು ಮುಂದಿನ ರೆಕಾರ್ಡ್‌ನಲ್ಲಿ. ಅದನ್ನು ನೀವು ಬೇರೆಯಾಗಿ ಕಂಪ್ರೆಸ್ ಮಾಡುತ್ತಿದ್ದೀರಿ.

ಹೊದಿಕೆಯ ಭಾರವೂ ಸೇರುತ್ತದೆ. ಖಾಲಿ ಬೈಟ್ ಸ್ಟ್ರಿಂಗ್ ಕೊಟ್ಟು ನೋಡಿ: ಝೆಡ್‌ಲಿಬ್ 8 ಬೈಟ್ ಕೊಡುತ್ತದೆ, ಜಿಜಿಪ್ 20. 'ಕನ್ನಡ' ಅನ್ನುವ ಪದ ಯುಟಿಎಫ್-8ರಲ್ಲಿ 15 ಬೈಟ್. ಅದನ್ನು ಝೆಡ್‌ಲಿಬ್‌ಗೆ ಹಾಕಿದರೆ ಬರುವುದು 20ಕ್ಕಿಂತ ಜಾಸ್ತಿ.

ಅದಕ್ಕೇ ರೆಕಾರ್ಡ್‌ಗಳನ್ನು ಒಟ್ಟುಮಾಡಿ. ಒಂದು ಗಂಟೆಯದ್ದೋ ಒಂದು ದಿನದ್ದೋ ಸಾಲಿಗೊಂದರಂತೆ ಜೋಡಿಸಿ, ಒಟ್ಟಿಗೆ ಕಂಪ್ರೆಸ್ ಮಾಡಿ, ಒಂದು ಬ್ಲಾಬ್ (ಡೇಟಾಬೇಸ್‌ನಲ್ಲಿ ಇಡುವ ಬೈಟ್‌ಗಳ ಒಂದೇ ಕಟ್ಟು) ಆಗಿ ಇಡಿ. ಒಂದೇ ರೆಕಾರ್ಡ್ ಬೇಕಾದರೂ ಇಡೀ ಬ್ಲಾಬ್ ಬಿಚ್ಚಬೇಕು, ಅದೊಂದು ತೊಂದರೆ. ಹುಡುಕಲು ಬೇಕಾದ ಸಮಯ, ಸೆನ್ಸರ್ ನಂಬರ್ ಇಂಥವನ್ನು ಬೇರೆ ಕಾಲಂನಲ್ಲಿ ಹಾಗೇ ಬಿಡಿ. ಒಂದೊಂದಾಗಿಯೇ ಇಡಬೇಕು ಅನ್ನುವ ಅನಿವಾರ್ಯ ಇದ್ದರೆ ಕಂಪ್ರೆಸ್‌ಆಬ್ಜ್‌ಗೆ ಝೆಡ್‌ಡಿಕ್ಟ್ ಅಂತ ಒಂದು ನಿಘಂಟು ಕೊಡಬಹುದು. ಪದೇಪದೇ ಬರುವ ತುಣುಕುಗಳನ್ನು ಜೋಡಿಸಿದ ಬೈಟ್‌ಗಳು ಅಷ್ಟೇ, ಅತಿ ಹೆಚ್ಚು ಬರುವುದು ಕೊನೆಯಲ್ಲಿರಲಿ. ಬಿಚ್ಚುವಾಗ ಡಿಕಂಪ್ರೆಸ್‌ಆಬ್ಜ್‌ಗೂ ಅದೇ ನಿಘಂಟು ಕೊಡಬೇಕು, ಒಂದು ಬೈಟ್ ಬದಲಾದರೂ ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ ಅದನ್ನು ವರ್ಶನ್ ನಂಬರ್ ಹಾಕಿ ಜೋಪಾನವಾಗಿ ಇಡಿ.

ನಿಮ್ಮ ಜೇಸನ್‌ನಲ್ಲಿ ಕನ್ನಡ ಇದೆ ಅಂದಿದ್ದೀರಿ, ಅಲ್ವಾ? ಹಾಗಾದರೆ ಜೇಸನ್.ಡಂಪ್ಸ್‌ಗೆ ಎನ್‌ಶೂರ್_ಆಸ್ಕಿ=ಫಾಲ್ಸ್ ಕೊಡಿ. ಇಲ್ಲದಿದ್ದರೆ ಒಂದೊಂದು ಕನ್ನಡ ಸಂಕೇತವೂ ಬ್ಯಾಕ್‌ಸ್ಲ್ಯಾಶ್ ಯು ಹಾಕಿದ 6 ಬೈಟ್ ಆಗುತ್ತದೆ. ಯುಟಿಎಫ್-8ರಲ್ಲಿ ಅದು 3 ಸಾಕು. ಅದರಲ್ಲೂ ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಈ ಮರುಕಳಿಕೆಯಿಂದಾಗಿ ಉದ್ದನೆಯ ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಡಂಪ್ಸ್ ಕೊಡುವುದು ಸ್ಟ್ರಿಂಗ್, ಕಂಪ್ರೆಸ್ ಕೇಳುವುದು ಬೈಟ್ಸ್. ನಡುವೆ ಎನ್‌ಕೋಡ್ ಮರೆಯಬೇಡಿ.

ದೊಡ್ಡ ಫೈಲ್ ಆದರೆ ಪೂರ್ತಿ ಮೆಮೊರಿಗೆ ಎಳೆಯಬೇಡಿ. ಜಿಜಿಪ್.ಓಪನ್ ಮಾಡಿ ಸಾಲುಸಾಲಾಗಿ ಓದಿ. ಮೋಡ್ 'ಆರ್‌ಟಿ' ಕೊಟ್ಟು ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಿರಿ, ಮೋಡ್ ಹೇಳದಿದ್ದರೆ ಅದು ಬೈಟ್ಸ್ ಕೊಡುತ್ತದೆ. ಹೊರಗಿನವರು ಕಳಿಸಿದ ಡೇಟಾ ಬಿಚ್ಚುವಾಗ ಮಾತ್ರ ಹುಷಾರು. ಡಿಫ್ಲೇಟ್ ಹೆಚ್ಚೆಂದರೆ ಸುಮಾರು 1,030 ಪಟ್ಟು ಕುಗ್ಗಿಸಬಲ್ಲದು. ಅಂದರೆ ಬೇಕಂತಲೇ ಮಾಡಿದ 1 ಎಂಬಿ ಫೈಲ್ ಬಿಚ್ಚಿದರೆ 1 ಜಿಬಿ ಆಗಬಹುದು. ಅಂಥ ಕಡೆ ಡಿಕಂಪ್ರೆಸ್‌ಆಬ್ಜ್ ತಗೊಂಡು ಅದರ ಡಿಕಂಪ್ರೆಸ್‌ಗೆ ಮ್ಯಾಕ್ಸ್_ಲೆಂತ್ ಕೊಡಿ. ಬಿಚ್ಚದೆ ಉಳಿದದ್ದು ಅನ್‌ಕನ್ಸ್ಯೂಮ್ಡ್_ಟೇಲ್‌ನಲ್ಲಿ ಇರುತ್ತದೆ, ಅದನ್ನೇ ಮತ್ತೆ ಕೊಡುತ್ತಾ ಹೋಗಿ. ಒಟ್ಟು ನಿಮ್ಮ ಮಿತಿ ದಾಟಿದರೆ ಅಲ್ಲೇ ನಿಲ್ಲಿಸಿ.

ಕಂಪ್ರೆಶನ್ ಲೆವೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಝೆಡ್‌ಲಿಬ್ ತಾನೇ ತೆಗೆದುಕೊಳ್ಳುವ 6 ಸಾಕು. 9ಕ್ಕೆ ಏರಿಸಿದರೆ ಸಮಯ ಜಾಸ್ತಿ, ಲಾಭ ಚೂರುಪಾರು. ಜೆಪೆಗ್, ವಿಡಿಯೊ ಇವುಗಳನ್ನು ಮತ್ತೆ ಕಂಪ್ರೆಸ್ ಮಾಡುವುದು ದಂಡ.

ಎಲ್‌ಝೆಡ್‌ಎಂಎ ಕೆಟ್ಟದ್ದೇನಲ್ಲ. ವರ್ಷದ ಲಾಗ್ ಕಟ್ಟಿ ಮೂಲೆಗಿಡಬೇಕು, ಬಿಚ್ಚುವುದು ಅಪರೂಪ ಅನ್ನುವ ಕಡೆ ಒಳ್ಳೆಯದೇ, ಗಾತ್ರ ಚೆನ್ನಾಗಿ ಇಳಿಯುತ್ತದೆ. ಆದರೆ ಕಂಪ್ರೆಸ್ ಮಾಡಲು ಬಹಳ ಹೊತ್ತು, ಮೆಮೊರಿಯೂ ಜಾಸ್ತಿ. 60 ಬೈಟ್ ರೆಕಾರ್ಡ್‌ಗೆ ಅದರ ಎಕ್ಸ್‌ಝೆಡ್ ಹೊದಿಕೆ ಝೆಡ್‌ಲಿಬ್‌ನದ್ದಕ್ಕಿಂತ ಇನ್ನೂ ದಪ್ಪ. ಪೈಥಾನ್ 3.14 ಇದ್ದರೆ ಕಂಪ್ರೆಶನ್ ಪ್ಯಾಕೇಜ್‌ನಲ್ಲಿ ಝೆಡ್‌ಸ್ಟಾಂಡರ್ಡ್ ಅನ್ನುವ ಇನ್ನೊಂದು ವಿಧಾನ ಕೂಡ ಬಂದಿದೆ. ಬಿಚ್ಚುವ ವೇಗ ಮುಖ್ಯ ಆದರೆ ನಾನು ಎಲ್‌ಝೆಡ್‌ಎಂಎಗಿಂತ ಮೊದಲು ಅದನ್ನು ನೋಡುತ್ತೇನೆ.